ಪಾದರಕ್ಷೆ ತೊಟ್ಟು ದೇವಾಲಯದೊಳಗೆ

ಸರ್ವಶಕ್ತನಾದ ಪಿತನಿಗೆ ಸ್ತೋತ್ರ. ಉಸಿರು ಕೊಟ್ಟದ್ದಕ್ಕೆ, ಎಪ್ಪತ್ತೊಂದು ವರ್ಷ ಆ ಉಸಿರನ್ನು ಕಾಯ್ದದ್ದಕ್ಕೆ, ನಡೆಯಲು ಎರಡು ಪಾದಗಳನ್ನು ಕೊಟ್ಟು ಅವುಗಳಲ್ಲಿ ಒಂದನ್ನು ಇಡಿಯಾಗಿಯೂ ಇನ್ನೊಂದನ್ನು ಮುಕ್ಕಾಗಿಯೂ ಇಂದಿಗೂ ನನ್ನ ಬಳಿಯೇ ಉಳಿಸಿರುವುದಕ್ಕೆ ಸ್ತೋತ್ರ. ಕೃತಜ್ಞತೆಯನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಮುಂದಿನ ಮಾತುಗಳಲ್ಲಿ ಕೆಲವು ಜಗಳದಂತೆ ಕೇಳಿಸಬಹುದು. ಜಗಳವೇ ಹೌದು. ತಂದೆಯೊಡನೆ ಜಗಳವಾಡುವ ಹಕ್ಕು ಮಕ್ಕಳಿಗಲ್ಲದೆ ಇನ್ನಾರಿಗಿದೆ?

ನಾನು ಕೂಡ್ಲಿಗಿಯವನು. ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದು ನಿವೃತ್ತನಾದೆ. ಆದರೆ ನಮ್ಮ ಸಣ್ಣ ಧರ್ಮಕೇಂದ್ರದ ಉಪದೇಶಿಯ ಕೆಲಸದಿಂದ, ಎಂದರೆ ಮಕ್ಕಳಿಗೆ ಜಪ ಕಲಿಸುವ, ಬಲಿಪೂಜೆಯಲ್ಲಿ ಬೈಬಲ್ ವಾಚನ ಓದುವ ಕೆಲಸದಿಂದ, ನಿವೃತ್ತನಾಗಿಲ್ಲ. ಕೊಟ್ಟೂರು, ಕಾನಹೊಸಹಳ್ಳಿ ಕಡೆಯ ಕಥೋಲಿಕ ಕುಟುಂಬಗಳೆಲ್ಲ ಬಂದು ಸೇರಿದರೂ ನಮ್ಮ ದೇವಾಲಯದ ಚಾಪೆಗಳಲ್ಲಿ ಜಾಗ ಮಿಗುತ್ತದೆ. ಎಲ್ಲರೂ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬರುತ್ತೇವೆ. ಮರೆತು ಮೆಟ್ಟಿಕೊಂಡು ಬಂದ ಮಕ್ಕಳನ್ನು ನಲವತ್ತು ವರ್ಷಗಳ ಕಾಲ ಬಾಗಿಲಿಂದಲೇ ಹಿಂದಕ್ಕೆ ಕಳಿಸಿದವನು ನಾನೇ.

ಕಳೆದ ವರ್ಷದ ತಪಸ್ಸುಕಾಲ. ಪಾಸ್ಖ ಹಬ್ಬಕ್ಕೆ, ಎಂದರೆ ಈಸ್ಟರಿಗೆ, ಮುಂಚಿನ ಆ ನಲವತ್ತು ದಿನಗಳಲ್ಲಿ ಪ್ರತಿ ಶುಕ್ರವಾರ ನಾವು ಶಿಲುಬೆಹಾದಿ ನಡೆಯುತ್ತೇವೆ. ಊರಾಚೆಯ ಗುಡ್ಡದಲ್ಲಿ ಹದಿನಾಲ್ಕು ಶಿಲುಬೆಗಳನ್ನು ನೆಟ್ಟಿದ್ದೇವೆ. ಪ್ರಭುವಿನ ಯಾತನೆಯನ್ನು ನೆನೆಯುತ್ತ ಒಂದೊಂದರ ಮುಂದೆ ನಿಂತು, ಜಪಿಸಿ, ಮೇಲೇರಬೇಕು. ಮಧ್ಯಾಹ್ನ ಮೂರಕ್ಕೆ. ಬರಿಗಾಲಲ್ಲಿ. ನಮ್ಮ ಸೀಮೆಯ ಬಿಸಿಲಿಗೆ ಆ ಕರಿಬಂಡೆ ಕಾದ ಹಂಚಾಗಿರುತ್ತದೆ. ಉಳಿದವರು ಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದರು. ನಾನು ಪುಸ್ತಕ ಹಿಡಿದು ಅಲುಗದೆ ನಿಂತಿದ್ದೆ.

ನೋವೇ ಇರಲಿಲ್ಲ.

"ಮಾಸ್ತರ್ರನ್ನ ನೋಡ್ರಲೇ," ಎಂದು ದೇವಾಲಯದ ಉಸ್ತುವಾರಿ ನೋಡುವ ಚೌರಪ್ಪ ಹರೆಯದವರನ್ನು ಗದರಿಸಿದ. "ಕಲ್ಲಿನ ಮ್ಯಾಲೆ ಹೆಂಗ ನಿಂತಾರ! ನೀವು ನೋಡಿದ್ರ ಹಂಚಿನಾಗಿನ ಕಡ್ಲಿ ಹಂಗ ಸಿಡಿಯಾಕ ಹತ್ತೀರಿ."

ಆ ಮಾತು ನನಗೆ ಹಿತವಾಯಿತೆಂಬುದನ್ನು ಮುಚ್ಚಿಡಲಾರೆ. ಇಷ್ಟು ವರ್ಷಗಳ ಜಪತಪಕ್ಕೆ ಪಿತನು ದೇಹದ ಬಾಧೆಯನ್ನೇ ತೆಗೆದುಹಾಕಿ ಮನ್ನಣೆ ಕೊಟ್ಟನೆಂದು, ಅದು ಕೃಪೆಯೆಂದು ನಂಬಿದೆ.

ಮನೆಗೆ ಬಂದಾಗ ನಾನು ಕಾಲಿಟ್ಟಲ್ಲೆಲ್ಲ ನೆಲದ ಮೇಲೆ ಒದ್ದೆ ಗುರುತು. ನೀರೆಂದುಕೊಂಡೆ. ಕುಳಿತು ನೋಡಿದರೆ ಬಲಪಾದದ ಹೆಬ್ಬೆರಳ ಬುಡದಲ್ಲಿ ದೊಡ್ಡ ಗುಳ್ಳೆಯೊಡೆದು ಚರ್ಮ ಸುಲಿದಿತ್ತು. ಅರಿಶಿಣ ಒತ್ತಿ ಬಟ್ಟೆ ಸುತ್ತಿದೆ. ಯಾರಿಗೂ ಹೇಳಲಿಲ್ಲ. ಪಾಸ್ಖದವರೆಗೆ ಇದನ್ನೂ ಒಂದು ಕಾಣಿಕೆಯಾಗಿ ಒಪ್ಪಿಸೋಣವೆಂದುಕೊಂಡೆ. ನನಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿತ್ತೆಂಬುದನ್ನು ಇಲ್ಲಿ ಹೇಳಬೇಕು. ಅಂದು ಅದು ನನ್ನ ನೆನಪಿಗೇ ಬರಲಿಲ್ಲ.

ಮತ್ತೂ ಎರಡು ಶುಕ್ರವಾರ ಗುಡ್ಡವೇರಿದೆ.

ನನ್ನ ಒಬ್ಬನೇ ಮಗ ಜೋಜಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರು. ಹೂವಿನಹಡಗಲಿ ಮಾರ್ಗದ ಪಾಳಿ ಇದ್ದಾಗ ಅಲ್ಲಿನ ಮಲ್ಲಿಗೆ ತಂದು, ತೀರಿಕೊಂಡ ತಾಯಿಯ ಪಟಕ್ಕೆ ಮುಡಿಸುತ್ತಾನೆ. ಆ ಎರಡನೆಯ ಶುಕ್ರವಾರದ ಮರುದಿನ ಹೂವಿನ ಪೊಟ್ಟಣ ಬಿಚ್ಚಿದವನು ಮೂಗರಳಿಸಿ ನಿಂತ.

"ಅಪ್ಪಾ, ಮಲ್ಲಿಗಿ ವಾಸನಿ ಮೀರಿ ಏನೋ ನಾತ ಬರಾಕ ಹತ್ತೈತಲ್ರಿ. ಇಲಿ ಸತ್ತೈತೇನು?"

ಮಂಚದ ಕೆಳಗೆ ಬಗ್ಗಿ ನೋಡಿದ. ಕಪಾಟಿನ ಹಿಂದೆ ನೋಡಿದ. ಆಮೇಲೆ ನನ್ನ ಕಾಲ ಬಟ್ಟೆ ನೋಡಿದ.

ಬೆರಳು ಕಪ್ಪಾಗಿತ್ತು.

ಹೊಸಪೇಟೆಯ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ಒಬ್ಬ ಯುವ ವೈದ್ಯೆ. ಕೈಯಲ್ಲಿ ಮೀನಿನ ಗಾಳದ ದಾರದಂಥ ನೈಲಾನ್ ಎಳೆಯಿತ್ತು. "ಅಜ್ಜಾರೆ, ಕಣ್ಣು ಮುಚ್ಚಿಕೊಳ್ರಿ. ಇದು ಕಾಲಿಗೆ ತಾಗಿದಾಗೆಲ್ಲ 'ಹೂಂ' ಅನ್ರಿ."

ಕಣ್ಣು ಮುಚ್ಚಿದೆ. ಕಾದೆ. ಮನಸ್ಸಿನಲ್ಲೇ ಒಂದು ನಮೋಮರಿಯ ಜಪ ಹೇಳಿಕೊಂಡೆ. ಇನ್ನೊಂದು ಹೇಳಿಕೊಂಡೆ.

"ಶುರು ಮಾಡ್ರಿ ತಾಯಿ," ಎಂದೆ.

"ಮುಗೀತು ಅಜ್ಜಾರೆ. ಎರಡೂ ಕಾಲಿಗೆ ಹತ್ತತ್ತು ಕಡೆ ಮುಟ್ಟೀನಿ."

ನ್ಯೂರೋಪತಿ ಎಂದರು. ಸಕ್ಕರೆಯಿಂದ ಪಾದದ ನರಗಳು ಸತ್ತಿವೆ. ಬೆಂಕಿ ತುಳಿದರೂ ತಿಳಿಯದು. ನಾನು ಕೃಪೆಯೆಂದು ಗುಡ್ಡದ ಮೇಲೆ ಬೀಗಿದ್ದು ಇದಕ್ಕೆ. ಗ್ಯಾಂಗ್ರೀನ್ ಆಗಿದೆ, ಹೆಬ್ಬೆರಳೂ ಅದರ ಪಕ್ಕದ ಬೆರಳೂ ಉಳಿಯವು, ತಡಮಾಡಿದರೆ ಕಾಲೇ ಉಳಿಯದು ಎಂದರು.

ಆಪರೇಷನ್ನಿಗೆ ಮುಂಚೆ ನಮ್ಮ ಧರ್ಮಕೇಂದ್ರದ ಗುರುಗಳು ಬಂದರು. ಅವರು ನನ್ನ ಮಗನಿಗಿಂತ ಹತ್ತು ವರ್ಷ ಕಿರಿಯರು; ಆದರೂ ನಾನು ಅವರನ್ನು ಫಾದರ್ ಎನ್ನುತ್ತೇನೆ, ಹಾಗೆ ಕರೆಯುವಾಗ ನನಗೆ ಎಂದೂ ನಗು ಬಂದಿಲ್ಲ. ಹಣೆಗೂ ಅಂಗೈಗಳಿಗೂ ಪವಿತ್ರ ತೈಲ ಹಚ್ಚಿ, ರೋಗಿಗಳಿಗೆಂದೇ ಇರುವ ಅಭ್ಯಂಗ ಸಂಸ್ಕಾರ ಕೊಟ್ಟರು. ಊರಿನಲ್ಲಿ ಮಾತು ಬೇರೆಯಾಗಿ ಹಬ್ಬಿತು. ನಮ್ಮವರಲ್ಲಿ ಹಳಬರಿಗೆ ಈ ತೈಲವೆಂದರೆ ಸಾಯುವವರಿಗೆ ಮಾತ್ರ. ಶವಪೆಟ್ಟಿಗೆ ಎಲ್ಲಿ ಮಾಡಿಸುವುದೆಂದು ಚೌರಪ್ಪ ವಿಚಾರಿಸಿದನಂತೆ. ಪಕ್ಕದ ಮನೆಯ ಕಿರಾಣಿ ಅಂಗಡಿಯ ಕೊಟ್ರಪ್ಪ ಮಾತ್ರ ಬಸ್ಸು ಹತ್ತಿ ಆಸ್ಪತ್ರೆಗೇ ಬಂದ.

"ಎಣ್ಣಿ ಹಚ್ಚಿದ್ರಂತಲ್ರಿ ಮಾಸ್ತರ್ರ! ನಮ್ಮ ಪೈಕಿ ಎಣ್ಣಿ ಹಚ್ಚಿದ್ರ ಮದುವಿ. ಹೆಣ್ಣು ಯಾವೂರಾಕಿ? ಅರಿಶಿಣ ಮರ್ತಾರೇನು ನಿಮ್ಮ ಫಾದರ್ರು?"

ಡ್ರಿಪ್ ಹಾಕಿದ್ದ ಕೈ ಅಲುಗುವಷ್ಟು ನಕ್ಕೆ. ಬದುಕಬೇಕೆಂದು ಅಂದೇ ನಿಶ್ಚಯಿಸಿದೆ.

ಎರಡು ಬೆರಳು ಹೋದವು. ಮನೆಗೆ ಬಂದೆ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುನ್ನ ಜೋಜಪ್ಪ ಖಾಕಿ ಅಂಗಿಯ ತೋಳು ಮಡಿಚಿ, ನೆಲದ ಮೇಲೆ ಕುಳಿತು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಡ್ರೆಸ್ಸಿಂಗ್ ಮಾಡುತ್ತಿದ್ದ. ಇನ್ಸುಲಿನ್ ಸೂಜಿ ಕಲಿತ. ನಾನು ಅವನಿಗೆ ಜಪ ಕಲಿಸಿದ್ದೆ, ಛಂದಸ್ಸು ಕಲಿಸಲು ಹೋಗಿ ಸೋತಿದ್ದೆ; ಅವನ ಬೆರಳುಗಳು ಇಷ್ಟು ಮೆತ್ತಗಿವೆಯೆಂದು ಗೊತ್ತೇ ಇರಲಿಲ್ಲ. ನೋಡಲು ಬಂದವರು ತಲೆಗೊಂದು ಮಾತಾಡಿದರು. ಒಬ್ಬರು ಯಾವ ಪಾಪದ ಫಲವೋ ಎಂದರು. ಇನ್ನೊಬ್ಬರು ದೇವರು ಪ್ರೀತಿಸುವವರನ್ನೇ ಹೊಡೆಯುತ್ತಾನೆ ಎಂದರು. ಎರಡಕ್ಕೂ ನಾನು ತಲೆದೂಗಲಿಲ್ಲ. ಇದು ಪಾಪದ ಫಲವಲ್ಲ, ಪ್ರೀತಿಯ ಪೆಟ್ಟೂ ಅಲ್ಲ. ಸಕ್ಕರೆ, ಮತ್ತು ಬರಿಗಾಲು.

ವೈದ್ಯೆ ಒಂದೇ ಆಜ್ಞೆ ಕೊಟ್ಟಿದ್ದರು. ಇನ್ನು ಎಡಗಾಲನ್ನು ಉಳಿಸಿಕೊಳ್ಳಬೇಕು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಕೂಡದು, ಬಚ್ಚಲಿಗೂ, ಅಡುಗೆಮನೆಗೂ. ನನ್ನಂಥವರಿಗೆಂದೇ ಮಾಡುವ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನು ಜೋಜಪ್ಪ ಅಳತೆ ಕೊಟ್ಟು ಮಾಡಿಸಿ ತಂದ. ಮೊಣಕಾಲೂರಿ ತಾನೇ ತೊಡಿಸಿದ.

ಮೂರು ತಿಂಗಳ ಮೇಲೆ ಮೊದಲ ಭಾನುವಾರ ದೇವಾಲಯಕ್ಕೆ ಹೋದೆ. ಬಾಗಿಲಲ್ಲಿ ಚೌರಪ್ಪ ಕೈಮುಗಿದ, ಕುಶಲ ಕೇಳಿದ, ಆಮೇಲೆ ನನ್ನ ಪಾದ ನೋಡಿದ.

"ಮಾಸ್ತರ್ರ, ಚಪ್ಪಲಿ."

ಎರಡೇ ಪದ. ಮಕ್ಕಳಿಗೆ ನಾನು ಹೇಳುತ್ತಿದ್ದ ಮಾತೇ, ನನ್ನದೇ ಧ್ವನಿ. ಒಳಗೆ ಹೋಗಲಾಗಲಿಲ್ಲ. ಜಗಲಿಯಲ್ಲಿ, ಎಲ್ಲರ ಚಪ್ಪಲಿಗಳ ರಾಶಿಯ ಪಕ್ಕದಲ್ಲಿ, ಕಿಟಕಿಗೆ ಕಿವಿಗೊಟ್ಟು ಪೂಜೆ ಕೇಳಿದೆ. ಗುರುಗಳು ಪರಮಪ್ರಸಾದವನ್ನು ಹೊರಗೇ ತಂದುಕೊಟ್ಟರು. ಹೀಗೆ ಐದು ಭಾನುವಾರ. ವಾಚನವನ್ನು ಯಾರೋ ತಪ್ಪು ತಪ್ಪಾಗಿ, ಅಲ್ಪಪ್ರಾಣ ಮಹಾಪ್ರಾಣಗಳ ಭೇದವಿಲ್ಲದೆ ಓದುತ್ತಿದ್ದರು. ಆರನೆಯ ಭಾನುವಾರ ತಾಳಲಾಗಲಿಲ್ಲ. ಒಂದು ಗಂಟೆಯ ಮಾತಲ್ಲವೇ ಎಂದು ಚಪ್ಪಲಿ ಬಿಚ್ಚಿಟ್ಟು ಒಳಗೆ ನಡೆದೆ. ಓದಿದೆ.

ಮನೆಯಲ್ಲಿ ಜೋಜಪ್ಪ ಎಂದಿನಂತೆ ಪಾದ ಪರೀಕ್ಷಿಸಲು ಕುಳಿತ. ಎಡಗಾಲನ್ನು ತಿರುಗಿಸಿದ.

ಹಿಮ್ಮಡಿಯಲ್ಲಿ ಒಂದು ಗುಂಡುಸೂಜಿ ತಲೆಯವರೆಗೂ ಇಳಿದಿತ್ತು.

ನೋಟೀಸು ಅಂಟಿಸುವ ಹಲಗೆಯಿಂದ ಬಿದ್ದದ್ದಿರಬೇಕು. ಅದರ ಮೇಲೆ ನಿಂತು ನಾನು ಇಡೀ ವಾಚನವನ್ನು ಓದಿದ್ದೆ. ಜೋಜಪ್ಪ ಅದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ.

"ಈ ಕಾಲೂ ಕೊಟ್ಟ ಮ್ಯಾಲೆ ಏನು ಕೊಡ್ತಿ? ನೀ ಹೇಳು."

ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆಯದ ಮಗ ಅಂದು "ನೀ" ಎಂದ.

"ನಾ ಸಣ್ಣವ ಇದ್ದಾಗ ಬಿಸಿಲಾಗ ಬರಿಗಾಲಲ್ಲಿ ಓಡಾಡಿದ್ರ ಹೊತ್ಕೊಂಡು ಬರ್ತಿದ್ದಿ. ನನ್ನ ಕಾಲು ಸುಟ್ರ ನಿನಗ ಖುಷಿ ಆಗ್ತಿತ್ತೇನು? ಮ್ಯಾಲಿರೋ ಅಪ್ಪ ನಿನಕಿಂತ ಕೆಟ್ಟ ಅಪ್ಪ ಅಂತ ಯಾರು ಕಲಿಸಿದ್ರು ನಿನಗ?"

ನಲವತ್ತು ವರ್ಷ ಇತರರ ಮಕ್ಕಳಿಗೆ ದೈವಪಿತೃತ್ವವನ್ನು ಬೋಧಿಸಿದವನಿಗೆ ಸ್ವಂತ ಮಗ ಪಾಠ ಹೇಳುತ್ತಿದ್ದ. ಅವನು ಅತ್ತ ತಿರುಗಿ ಕಣ್ಣೊರೆಸಿಕೊಂಡು ಹತ್ತಿಗೆ ಔಷಧ ಹನಿಸಿದ. ಆಮೇಲೆ "ಕಾಲು ಎತ್ರಿ" ಎಂದ. ಬಹುವಚನ ಮರಳಿ ಬಂದಿತ್ತು.

ಆ ಸಂಜೆ ಜಪಕ್ಕೆ ಕುಳಿತೆ. ಜಪದಲ್ಲಿ ದೇವರನ್ನು ನಾನು ಯಾವಾಗಲೂ "ನೀವು" ಎನ್ನುವವನು. ಅಂದು ನಾಲಿಗೆ ತಿರುಗಲಿಲ್ಲ. "ನೀನು ತಂದೆಯಾದರೆ ನನ್ನ ಕಾಲು ನಿನಗೇಕೆ?" ಎಂದು ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ. ಇಷ್ಟು ವರ್ಷಗಳಲ್ಲಿ ನಾನಾಡಿದ ಅತ್ಯಂತ ಪ್ರಾಮಾಣಿಕವಾದ ಪ್ರಾರ್ಥನೆ ಬಹುಶಃ ಅದೇ.

ಮುಂದಿನ ಭಾನುವಾರ ಎಡಹಿಮ್ಮಡಿಗೆ ಪಟ್ಟಿ, ಎರಡೂ ಪಾದಗಳಿಗೆ ಚಪ್ಪಲಿ, ಮಗನ ಭುಜದ ಮೇಲೆ ಕೈ. ಬಾಗಿಲಲ್ಲಿ ಚೌರಪ್ಪ ಅಡ್ಡ ನಿಂತ.

"ಮಾಸ್ತರ್ರ, ಬ್ಯಾಡ್ರಿ. ಬೈಬಲ್ಲಿನಾಗ ಉರಿಯೋ ಪೊದಿ ಮುಂದ ದೇವರ ಬಾಯಾಗ ಏನು ಬಂತು? ಕಾಲಾಗಿನ ಚಪ್ಪಲಿ ಬಿಚ್ಚು, ಇದು ಪವಿತ್ರ ನೆಲ ಅಂದಿಲ್ಲೇನು? ನೀವ ಕಲಿಸಿದ್ದು."

"ಹೌದು, ನಾನೇ ಕಲಿಸಿದ್ದು. ಪ್ರಭು ಹೇಳಿದ ಕಥೆಯನ್ನೂ ಕಲಿಸಿದ್ದೆ, ನೀನು ಮರೆತೆ. ಮನೆ ಬಿಟ್ಟು ಹೋದ ಮಗ ಬರಿಗಾಲಲ್ಲಿ ಮರಳಿ ಬಂದಾಗ ತಂದೆ ಬಾಗಿಲಲ್ಲಿ ಏನು ಮಾಡಿದ? ನಿಲುವಂಗಿ ಹೊದಿಸಿದ, ಉಂಗುರ ತೊಡಿಸಿದ. ಕಾಲಿಗೆ?"

ಚೌರಪ್ಪನೂ ನನ್ನ ಜಪದ ತರಗತಿಯಲ್ಲಿ ಕುಳಿತವನೇ.

"ಕಾಲಿಗೆ ಏನು ಚೌರಪ್ಪ?"

"ಜೋಡು," ಎಂದ, ನೆಲ ನೋಡುತ್ತ.

"ಮಾಸ್ತರ್ರ ಪ್ರಶ್ನಿಗೆ ಉತ್ತರ ಸಿಕ್ತು. ರೈಟ್, ರೈಟ್," ಎಂದು ಜೋಜಪ್ಪ ಕಂಡಕ್ಟರನ ಧ್ವನಿಯಲ್ಲಿ ಕೂಗಿದ. ಹೆಂಗಸರು ಸೆರಗಿನಲ್ಲಿ ನಕ್ಕರು.

ಗಲಾಟೆ ಕೇಳಿ ಗುರುಗಳು ಹೊರಗೆ ಬಂದರು. "ಉಪದೇಶಿಗಳೇ, ನಿಮಗೊಬ್ಬರಿಗೆ ವಿನಾಯಿತಿ ಕೊಡ್ತೀನಿ, ಬನ್ನಿ" ಎಂದರು, ಸೌಜನ್ಯದಿಂದ.

"ಬೇಡ, ಫಾದರ್. ವಿನಾಯಿತಿಯೆಂದರೆ ತಪ್ಪನ್ನು ಕ್ಷಮಿಸಿದಂತೆ. ನಾನು ತಪ್ಪು ಮಾಡುತ್ತಿಲ್ಲ. ಕಾಲು ಕಾಯ್ದುಕೊಳ್ಳುವವರು ಹೀಗೆಯೇ ಒಳಗೆ ಬರಬೇಕೆಂದು ಪೂಜಾಪೀಠದಿಂದ ಹೇಳಿ. ಇಲ್ಲವಾದರೆ ನಾನು ಜಗಲಿಯಲ್ಲೇ ಕೂರುತ್ತೇನೆ. ಆದರೆ ಇನ್ನು ಸುಮ್ಮನೆ ಕೂರುವುದಿಲ್ಲ. ಅಲ್ಲಿಂದಲೇ ಗಟ್ಟಿಯಾಗಿ ವಾಚನ ಓದುತ್ತೇನೆ."

ಅವರು ಬಾಗಿ, ತಮ್ಮ ಕರವಸ್ತ್ರದಿಂದ ನನ್ನ ಚಪ್ಪಲಿಗಳ ಧೂಳು ಒರೆಸಿದರು. "ಮೊದಲ ವಾಚನ ನಿಮ್ಮದೇ" ಎಂದರು. ಅಂದಿನ ಪ್ರವಚನದಲ್ಲಿ ಹೇಳಿಯೂ ಹೇಳಿದರು. ಈಗ ಬಾಗಿಲೊಳಗೆ ಒಂದು ಗೋಣಿತಾಟು ಹಾಸಿದೆ, ಅಡಿ ಒರೆಸಿಕೊಂಡು ಬರಲು. ಕಾನಹೊಸಹಳ್ಳಿಯಿಂದ ಬರುವ ಇಬ್ಬರು ಅಜ್ಜಿಯರು, ತಮಗೂ ಸಕ್ಕರೆಯೆಂದು ಎಂದೂ ಬಾಯಿ ಬಿಡದವರು, ಅದರ ಮೇಲೆ ಕಾಲೊರೆಸಿ ತಲೆಯೆತ್ತಿ ಒಳಗೆ ಬರುತ್ತಾರೆ.

ಗುಂಡುಸೂಜಿಯ ಗಾಯ ಮಾಯಲು ಎರಡು ತಿಂಗಳು ಬೇಕಾಯಿತು. ಮಾಯಿತು. ಎಡಗಾಲು ಉಳಿದಿದೆ. ನರಗಳು ಮರಳುವುದಿಲ್ಲವೆಂದು ವೈದ್ಯೆ ಸ್ಪಷ್ಟವಾಗಿ ಹೇಳಿದ್ದಾರೆ. ನಾಳೆಯ ಮಾತನ್ನು ನಾನೂ ಅವರೂ ಆಡುವುದಿಲ್ಲ. ನೋವಿಲ್ಲದ ಪಾದವನ್ನು ದಿನವೂ ಕಣ್ಣಿನಿಂದ ನೋಡಿ ಕಾಯಬೇಕು. ನೋವೂ ತಂದೆಯ ಒಂದು ಕೊಡುಗೆಯಾಗಿತ್ತೆಂದು ಅದನ್ನು ಕಳೆದುಕೊಂಡ ಮೇಲೆ ತಿಳಿಯಿತು.

ಗಾಳದ ದಾರ ಹಿಡಿದು ಸತ್ಯ ಹೇಳಿದ ಆ ವೈದ್ಯೆಯ ಕೈ ಎಂದೂ ನಡುಗದಿರಲಿ. ಬಾಗಿ ಧೂಳು ಒರೆಸಿದ ಗುರುಗಳಿಗೆ ದೀರ್ಘವಾದ ಗುರುತನವಿರಲಿ. ಕೊಟ್ರಪ್ಪನ ಅಂಗಡಿಯಲ್ಲಿ ನಗು ಬತ್ತದಿರಲಿ. ನನ್ನ ಮಗನನ್ನು, ಒಮ್ಮೆ "ನೀ" ಎಂದು ನನ್ನನ್ನು ಉಳಿಸಿದವನನ್ನು, ಪಿತನು ತನ್ನ ಅಂಗೈಯಲ್ಲಿ ಕಾಯಲಿ. ಚೌರಪ್ಪನಿಗೂ ಆಶೀರ್ವಾದವಿರಲಿ. ಪೂಜೆ ಮುಗಿಯುವುದರೊಳಗೆ ಅವನು ಎರಡು ಸಲ ಎದ್ದು ಹೊರಗೆ ಹೋಗಿಬರುವುದನ್ನೂ, ಚೆಂಬುಗಟ್ಟಲೆ ನೀರು ಕುಡಿಯುವುದನ್ನೂ ಈಚೆಗೆ ನೋಡುತ್ತಿದ್ದೇನೆ. ಬರುವ ಸೋಮವಾರ ಅವನನ್ನು ರಕ್ತಪರೀಕ್ಷೆಗೆ ನಾನೇ ಕರೆದೊಯ್ಯುತ್ತೇನೆ. ಬರುವುದಿಲ್ಲವೆಂದರೆ ಬಿಡುವವನಲ್ಲ. ಆಮೆನ್.