ಹಾಡಿನಕ್ಕ ಹಾಡಲೊಲ್ಲದ ಹಾಡು

ಮದುವೆಮನೆಗಳಲ್ಲಿ ಹಾಡುವ ಆ ವಾದ್ಯತಂಡದಲ್ಲಿ ಅವಳನ್ನು ಎಲ್ಲರೂ ಹಾಡಿನಕ್ಕ ಎಂದೇ ಕರೆಯುತ್ತಿದ್ದರು. ಮೈಕು ಕೈಕೊಟ್ಟರೂ ಕೊನೆಯ ಸಾಲಿಗೆ ಕೇಳಿಸುವಂಥ ಕಂಠ. ಜನ ಮತ್ತೆ ಮತ್ತೆ ಕೇಳುತ್ತಿದ್ದದ್ದು ಒಂದೇ ಹಾಡು: 'ಬಾಗಿಲು ಮುಚ್ಚಿದರೆ ಕಿಟಕಿಯಲ್ಲಿ ನಿಲ್ಲುವೆ, ದಾರಿ ಬದಲಿಸಿದರೆ ನೆರಳಾಗಿ ಬರುವೆ.' ಅವಳೂ ಅದನ್ನು ಮೈಮರೆತು ಹಾಡುತ್ತಿದ್ದವಳೇ.

ಒಂದು ಸಂಜೆ ಹೊಲಿಗೆ ಕಾರ್ಖಾನೆಯಿಂದ ಬಂದ ಮಗಳು ಚಪ್ಪಲಿಯನ್ನೂ ಬಿಡದೆ ಓಡಿಹೋಗಿ ಕಿಟಕಿಯ ಚಿಲಕ ಹಾಕಿದಳು. ಬೀದಿಯಲ್ಲಿ ಒಬ್ಬ ಅದೇ ಹಾಡನ್ನು ಗುನುಗುತ್ತ ನಿಂತಿದ್ದ.

"ಯಾರೇ ಅವನು?"

"ಬೇಡ ಅಂತ ಎಷ್ಟು ಸಲ ಹೇಳಿದ್ರೂ ಬಿಡ್ತಿಲ್ಲಮ್ಮ. ದಿನಾ ಹಿಂದೆ ಬರ್ತಾನೆ. ಬೈದ್ರೆ, ನಿಮ್ಮಮ್ಮನೇ ಹಾಡ್ತಾರಲ್ಲ ಅಂತಾನೆ."

ಹಾಡಿನಕ್ಕ ಪೊರಕೆ ಹಿಡಿದು ಬಾಗಿಲು ತೆರೆದಾಗ ಅವನು ಅವಳ ಮುಖ ನೋಡಿದವನೇ ಕಾಲಿಗೆ ಬುದ್ಧಿ ಹೇಳಿದ. 'ನಿಮ್ಮಮ್ಮನೇ ಹಾಡ್ತಾರಲ್ಲ' ಎಂಬ ಅವನ ಮಾತು ಮಾತ್ರ ರಾತ್ರಿಯಿಡೀ ಅವಳನ್ನು ಬಿಡಲಿಲ್ಲ.

ಮರುದಿನ ಬೆಳಗಿನ ಅಭ್ಯಾಸದಲ್ಲಿ, "ಆ ಹಾಡನ್ನ ನಾನಿನ್ನು ಹಾಡಲ್ಲ," ಎಂದಳು.

ತಂಡದ ಯಜಮಾನರಾದ ಹಾರ್ಮೋನಿಯಂ ಮೇಷ್ಟ್ರು ನಕ್ಕರು. "ಅದು ಪ್ರೀತಿ ಕಣಮ್ಮ! ಪ್ರೀತಿಗೆ ಹಟವೇ ಚೆಂದ. ನೀನು ಹಾಡದಿದ್ರೆ ಬೇರೆಯವರನ್ನ ಹುಡುಕಬೇಕಾಗುತ್ತೆ."

"ಓಹೋ, ಹಾಗೋ!" ಎಂದಳು, ಅಷ್ಟೇ.

ಅಂದು ಮೇಷ್ಟ್ರು ಹೊರಟರೆ ಹಿಂದೆಯೇ ಹಾಡಿನಕ್ಕ. ಟೀ ಅಂಗಡಿಗೆ ಹೋದರೆ ಎದುರು ಬೆಂಚಿನಲ್ಲಿ. ಕ್ಷೌರಕ್ಕೆ ಕೂತರೆ ಕನ್ನಡಿಯೊಳಗೆ. ಮಾತಿಲ್ಲ, ಕತೆಯಿಲ್ಲ, ನೋಟ ಮಾತ್ರ. ಅವರು ಸಂದಿಗೊಂದಿ ಸುತ್ತಿ ಮನೆ ಸೇರಿ ಬಾಗಿಲು ಹಾಕಿಕೊಂಡರೆ, ಕಿಟಕಿಯಾಚೆ ಅದೇ ಮುಖ! ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಬಂದಳು.

"ಯಾಕ್ರೀ ಹೀಗೆ ಬೆವರ್ತಿದ್ದೀರಿ?"

"ಇವಳು ಬೆಳಗಿನಿಂದ ನನ್ನ ಬೆನ್ನು ಬಿಟ್ಟಿಲ್ಲ ಕಣೇ!" ಎಂದ ಮೇಷ್ಟ್ರು ಕಿಟಕಿಯತ್ತ ತಿರುಗಿದರು. "ಏನಮ್ಮ ತಾಯಿ, ತಲೆಗಿಲೆ ಕೆಟ್ಟಿದೆಯಾ?"

"ಪ್ರೀತಿ ಮೇಷ್ಟ್ರೇ, ಹಟವೇ ಚೆಂದ! ಒಂದೇ ದಿನಕ್ಕೆ ಸುಸ್ತಾದ್ರಾ? ಹಾಡಲ್ಲಿ ಬಾಗಿಲು ಮುಚ್ಚಿದ ಆ ಹುಡುಗಿಗೆ ಮಾತಾಡೋಕೆ ಒಂದು ಸಾಲಾದ್ರೂ ಇದೆಯಾ, ಹೇಳಿ," ಎಂದು ಹಾಡಿನಕ್ಕ ಮಗಳ ಸಂಗತಿಯನ್ನೆಲ್ಲ ಬಿಚ್ಚಿಟ್ಟಳು.

ಹೆಂಡತಿ ಬಾಗಿಲು ತೆಗೆದು, "ನೀನು ಒಳಗೆ ಬಾಮ್ಮ. ಬೇಕಾದ್ರೆ ಇವರು ಹೊರಗೆ ನಿಲ್ಲಲಿ," ಎಂದಳು.

ಮುಂದಿನ ಮದುವೆಯಲ್ಲಿ ವರನ ಗೆಳೆಯರು ಆ ಹಾಡಿಗಾಗಿ ಕೂಗತೊಡಗಿದರು. ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹೊಡೆದವನು ಮಗಳ ಬೆನ್ನು ಹತ್ತಿದ್ದ ಅವನೇ. ಹಾಡಿನಕ್ಕನಿಗೆ ಆ ಮುಖ ಮರೆತಿರಲಿಲ್ಲ. ಮೈಕನ್ನು ಬಾಯಿಯ ಹತ್ತಿರ ತಂದಳು.

"ಸಿಳ್ಳೆ ಹೊಡೆಯೋನೇ, ಕೇಳು. ನನ್ನ ಮಗಳು ನಿನ್ನನ್ನ ಬೇಡ ಅಂದಿದ್ದಾಳೆ. ಅವಳಮ್ಮ ಆ ಹಾಡನ್ನ ಹಾಡಲ್ಲ."

ವರನ ತಂದೆ ಎದ್ದು ನಿಂತು, "ಹಾಡೋದಾದ್ರೆ ಹಾಡಿ, ಇಲ್ಲವಾದ್ರೆ ಹೊರಡಿ!" ಎಂದು ಗುಡುಗಿದರು.

ಹಾಡಿನಕ್ಕ ಮೇಷ್ಟ್ರ ಕಡೆ ನೋಡಿದಳು. ಅವರು ಹಾರ್ಮೋನಿಯಂ ಮುಚ್ಚಿ ಬಗಲಿಗೇರಿಸಿ, "ನಡಿಯಮ್ಮ," ಎಂದರು.

ಗೇಟು ದಾಟುವಾಗ ತಬಲದವನು ಗೊಣಗಿದ: "ಊಟ ಆದಮೇಲೆ ಹೇಳಬಾರದಿತ್ತೇನಕ್ಕಾ?"