ಸಣ್ಣಿ ಅತ್ತೆಯ ಕಿಡ್ನಿಯ ಕೆಳಗಿನ ಕೋಣೆ

ನನ್ನ ಅಕ್ಷರ ಸೊಟ್ಟ. ಏಳನೇ ಇಯತ್ತೆಗೇ ಶಾಲೆ ಬಿಟ್ಟವಳಾದ್ದರಿಂದ ಮಾತುಗಳೂ ಸಾಲವು. ಓದುವವರು ಕ್ಷಮಿಸಬೇಕು. ತಪ್ಪು ಕಂಡಲ್ಲೆಲ್ಲ ತಿದ್ದಿ ಮತ್ತೆ ಬರೆದಿದ್ದೇನೆ.

ಸಣ್ಣಿ ಅತ್ತೆ ನನ್ನ ಅಪ್ಪನ ಅಕ್ಕ. ಅಘನಾಶಿನಿ ಹೊಳೆಯಲ್ಲಿ ಬಳಚು ತೆಗೆಯುವವಳು. ನೀರು ಇಳಿದಾಗ ಸೊಂಟ ಬಗ್ಗಿಸಿ, ಕೆಸರಿಗೆ ಕೈ ಹಾಕಿ, ಆ ಚಿಪ್ಪಿಮೀನು ಹೆಕ್ಕಿ ಬುಟ್ಟಿ ತುಂಬಿಸುತ್ತಾಳೆ. ಬಗ್ಗಿದರೆ ಮಾತ್ರ ಅವಳಿಗೆ ಹಾಡು ನೆನಪಾಗುತ್ತದೆ. ಹೋದ ವರ್ಷ, ಎಂಬತ್ತೇಳರಲ್ಲಿ, ಒಂದು ದಿನ ಹಾಡು ಅರ್ಧಕ್ಕೇ ನಿಂತಿತು. ಎಡ ಪಕ್ಕೆ ಹಿಡಿದುಕೊಂಡು ಕೆಸರಿನಲ್ಲೇ ಕೂತುಬಿಟ್ಟಳು.

ಅವಳನ್ನು ಹೊನ್ನಾವರಕ್ಕೆ ಕರೆದುಕೊಂಡು ಹೋದವಳು ನಾನು. ಡಾಕ್ಟರು ಸೂಜಿಮದ್ದು ಕೊಟ್ಟು ಎಕ್ಸರೆ ತೆಗೆದರು. ಕಿಡ್ನಿಯೊಳಗೆ ಮೂತ್ರ ಸೇರುವ ಕೋಣೆಗಳು ಫಿಲ್ಮಿನಲ್ಲಿ ಬೆಳ್ಳಗೆ ಕವಲೊಡೆದು ಕಂಡವು. ತೀರಾ ಕೆಳಗಿನ ಕೋಣೆಯಲ್ಲಿ ಕಲ್ಲು.

"ಮಂಗಳೂರಲ್ಲಿ ಬೆನ್ನಿಗೆ ಸಣ್ಣ ತೂತು ಮಾಡಿ, ಕೊಳವೆಯಲ್ಲಿ ನೋಡ್ತಾ ಕಲ್ಲು ತೆಗೀತಾರೆ. ಆದರೆ ಎಲ್ಲರ ಕಿಡ್ನಿಯೂ ಒಂದೇ ಥರ ಇರೋದಿಲ್ಲ," ಎಂದರು ಡಾಕ್ಟರು. "ಕೆಲವರಿಗೆ ಕೆಳತುದಿಯಲ್ಲಿ ಒಂದೇ ಕೋಣೆ. ಕೆಲವರಿಗೆ ಮುಂದೊಂದು, ಹಿಂದೊಂದು. ಒಂದೇ ಆದರೆ ಕೊಳವೆ ನೇರ ಹೋಗ್ತದೆ. ಜೋಡಿಯಿದ್ದು ಕಲ್ಲು ಮುಂದಿನದರಲ್ಲಿ ಕೂತಿದ್ರೆ ಪಕ್ಕೆ ಕೊಯ್ಯಬೇಕಾಗಬಹುದು. ಓರೆಯಾಗಿ ಮಲಗಿಸಿ ಇನ್ನೊಂದು ಫಿಲ್ಮು ತೆಗೆದ್ರೆ ತಿಳೀತದೆ."

ಅವರ ಮೇಜಿನ ಮೇಲೆ ಫಿಲ್ಮುಗಳ ಎರಡು ಕಟ್ಟುಗಳಿದ್ದವು. ಒಂಟಿ ಕೋಣೆಯವು ಒಂದು ಕಟ್ಟು, ಜೋಡಿ ಕೋಣೆಯವು ಇನ್ನೊಂದು.

ಪಕ್ಕೆ ಕೊಯ್ದರೆ ಅತ್ತೆ ಆ ವರ್ಷ ಬಗ್ಗುವ ಹಾಗಿಲ್ಲ. ಅವಳಿಗೆ ಬೇರೆ ಕೆಲಸ ಬಾರದು. ನಾನು ಹೆದರಿದೆ. ಅತ್ತೆ ಮಾತ್ರ ಫಿಲ್ಮು ನೋಡಿ ನಕ್ಕಳು.

"ಇದು ನಮ್ಮ ಹೊಳೆನೇ ಅಲ್ದಾ! ಅಗೋ ಕೆಳಗೆ ಅಳವೆ, ಸಮುದ್ರಕ್ಕೆ ಸೇರೂ ಬಾಯಿ. ಕಲ್ಲು ಅಳವೆ ಹತ್ರನೇ ಅದೆ. ಇಳಿತಕ್ಕೆ ತಾನೇ ಹೋಗ್ತದೆ. ನಡಿ ಮಗಾ."

ಅಂದಿನಿಂದ ಹೊಳೆ ಇಳಿಯುವ ಹೊತ್ತು ನೋಡಿಕೊಂಡು ಚೊಂಬುಗಟ್ಟಲೆ ನೀರು ಕುಡಿಯತೊಡಗಿದಳು. ನೀರು ಏರುವ ಭರತದ ಹೊತ್ತಿನಲ್ಲಿ ಬಾಯಾರಿದರೂ ಒಂದು ಗುಟುಕು ಮುಟ್ಟಲಿಲ್ಲ. ಕಲ್ಲು ಹಿಂದಕ್ಕೆ ಹೋಗುತ್ತದಂತೆ.

"ಅತ್ಗೆ, ಬಾವೀಲಿ ನಮಗೂ ಸ್ವಲ್ಪ ಬಿಡೆ!" ಎಂದಳು ನನ್ನ ಅವ್ವ.

"ನೀ ಸುಮ್ನಿರೆ ನಾಗಿ. ಕಲ್ಲು ಬಿದ್ದ ದಿನ ನಿನ್ನ ಕೈಗೇ ಕೊಡ್ತೆ. ಸಾರಿಗೆ ಹಾಕು."

ಕಲ್ಲು ಬೀಳಲಿಲ್ಲ. ನೋವು ಹೆಚ್ಚಾಗಿ ಮತ್ತೆ ಹೊನ್ನಾವರಕ್ಕೆ ಹೋದೆವು. ಹೊಸ ಫಿಲ್ಮಿನಲ್ಲೂ ಕಲ್ಲು ಅಲ್ಲೇ ಇತ್ತು.

"ಎಂತ ಡಾಕ್ಟ್ರೆ, ಅಷ್ಟು ನೀರು ಕುಡಿದ್ರೂ ಇದು ಅಲ್ಲಾಡ್ಲಿಲ್ಲ?" ಎಂದು ಅತ್ತೆ ಕೇಳಿದಳು.

ಡಾಕ್ಟರು ಫಿಲ್ಮಿನ ಮೇಲೆ ಬೆರಳಿಟ್ಟು ತೋರಿಸಿದರು. "ಈ ಕೋಣೆಗೆ ಬಾಯಿ ಇರೋದು ಮೇಲ್ಗಡೆ. ನೀರು ಹತ್ತಿ ಹೊರಗೆ ಹೋಗ್ತದೆ. ಕಲ್ಲು ತಳದಲ್ಲೇ ಕೂರ್ತದೆ."

ಅತ್ತೆ ಆ ಕೋಣೆಯ ಮೇಲೆ ತಾನೂ ಬೆರಳಿಟ್ಟಳು. ಹೊಳೆದಂಡೆಯ ನಮ್ಮ ಗಜನಿ ಗದ್ದೆಗಳಿಗೆ ಭರತದ ನೀರು ನುಗ್ಗುತ್ತದೆ. ಹೊಳೆ ಇಳಿದರೂ ಅಲ್ಲಿನ ಹೊಂಡಗಳಲ್ಲಿ ನೀರು ಉಳಿಯುತ್ತದೆ, ಅದರಡಿಯಲ್ಲಿ ಬಳಚೂ ಉಳಿಯುತ್ತದೆ.

"ಹಾಗಾರೆ ಇದು ಹೊಳೆ ಅಲ್ಲ, ಗಜನಿ ಹೊಂಡ," ಎಂದಳು. "ಕೈ ಹಾಕ್ದೆ ಒಂದೂ ಬರೂದಿಲ್ಲ. ಆತು, ಓರೆ ಮಲಗ್ಸಿ ನೋಡಿ."

ಓರೆ ಫಿಲ್ಮು ಒಣಗುವವರೆಗೆ ನಾನು ಬೆಂಚಿನ ತುದಿಯಲ್ಲಿ ಕೂತಿದ್ದೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಆಚೀಚೆ ತಿರುಗಿಸಿದರು. ಆಮೇಲೆ ಒಂಟಿ ಕೋಣೆಯ ಕಟ್ಟಿನ ಮೇಲೆ ಇಟ್ಟರು. ಅವರು ಬಾಯಿ ಬಿಡುವ ಮೊದಲೇ ನಾನು ಅತ್ತೆಯ ಕೈ ಹಿಡಿದೆ.

ಮಂಗಳೂರಿನಲ್ಲಿ ಕಲ್ಲು ತೆಗೆದರು. ಬೆನ್ನಿನ ಗಾಯ ಬಳಚಿನ ಚಿಪ್ಪಿಗಿಂತ ಸಣ್ಣದು. ಊರಿಗೆ ಬಂದ ಮೇಲೆ ಅತ್ತೆ ಅದನ್ನು ಕಂಡಕಂಡವರಿಗೆಲ್ಲ ತೋರಿಸಿದಳು.

"ಸೆರಗು ಹೊದ್ಕೊಳ್ಳೆ, ದೋಣಿಯವ್ರು ನೋಡ್ತ್ರು!" ಎಂದು ಅವ್ವ ಗದರಿದಳು.

"ನೋಡ್ಲಿ. ಅವ್ರಿಗೂ ಕಲ್ಲು ಆಗೂದಿಲ್ವಾ?"

ಈಗ ಬಗ್ಗಬಹುದು, ಭಾರ ಮಾತ್ರ ಹೊರಬೇಡ ಎಂದು ಡಾಕ್ಟರು ಹೇಳಿದ್ದಾರೆ. ನಾಡಿದ್ದು ನೀರು ಇಳಿದಾಗ ಅತ್ತೆ ಬಳಚು ಹೆಕ್ಕುತ್ತಾಳೆ. ಬುಟ್ಟಿ ನಾನು ಹೊರುತ್ತೇನೆ.