ನಿಂಬೆಹಣ್ಣು ಮತ್ತು ಸೈಕಲ್ ಸವಾರ

ಪಕ್ಕದ ತೋಟದ ಅಕ್ಕ ಮೂಡಿಗೆರೆಗೆಂದು ನನ್ನ ಜೀಪು ಹತ್ತಿದರೆ ಮೂಗಿಗೆ ನಿಂಬೆಹಣ್ಣು ಹಿಡಿದು ಕಣ್ಣು ಮುಚ್ಚಿಬಿಡುತ್ತಿದ್ದರು. ಪ್ರತಿ ತಿರುವಿಗೂ ಒಂದೇ ಮಾತು: “ನಿಧಾನ ಮಾರಾಯ, ನಿಧಾನ.”

ಇದೇ ಅಕ್ಕ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಸೈಕಲ್ ಆಟ ಆಡುತ್ತಿದ್ದರು. ಗುಡ್ಡದ ನೆತ್ತಿಯಿಂದ ಸವಾರನೊಬ್ಬ ಬಂಡೆ ಹಾರುತ್ತ ಇಳಿಯಬೇಕು. ಅಕ್ಕ ಬ್ರೇಕ್ ಮುಟ್ಟಿದ್ದನ್ನು ನಾನು ನೋಡಿಲ್ಲ. ಅವನು ಪ್ರಪಾತಕ್ಕೆ ಬಿದ್ದರೆ ಎಲೆಅಡಿಕೆ ತುಂಬಿದ ಬಾಯಲ್ಲೇ ಕಿಸಕ್ಕನೆ ನಗುತ್ತಿದ್ದರು.

ನನಗಿದು ಬಗೆಹರಿಯಲೇ ಇಲ್ಲ. ಹಿಡಿತ ತಮ್ಮ ಕೈಯಲ್ಲಿದ್ದರೆ ಭಯವಿಲ್ಲವೇನೋ ಎಂದುಕೊಂಡೆ. ತೋಟದೊಳಗೆ ಅವರೂ ಜೀಪು ಓಡಿಸುತ್ತಿದ್ದವರೇ. ಹಾಗಾಗಿ ಒಮ್ಮೆ ದೇವರಮನೆ ಗುಡ್ಡದಿಂದ ಹಿಂದಿರುಗುವಾಗ, ಇಳಿಜಾರು ಶುರುವಾಗುವಲ್ಲಿ ಸ್ಟಿಯರಿಂಗ್ ಬಿಟ್ಟುಕೊಟ್ಟೆ.

“ನೀವೇ ಓಡ್ಸಿ ಅಕ್ಕ, ಆಗ ಹೆದ್ರಿಕೆ ಆಗಲ್ಲ.”

ಅಕ್ಕ ಫಸ್ಟ್ ಗೇರ್ ಹಾಕಿ, ಬ್ರೇಕಿನಿಂದ ಕಾಲು ತೆಗೆಯದೆ, ಜೀಪನ್ನು ಇಂಚಿಂಚಾಗಿ ಇಳಿಸಿದರು. “ನಿಧಾನ ಮಾರಾಯ, ನಿಧಾನ” ಎಂದು ಈಗ ತಮ್ಮ ಕಾಲಿಗೇ ಹೇಳಿಕೊಳ್ಳುತ್ತಿದ್ದರು. ಮೊದಲ ತಿರುವಿಗೇ ನಿಲ್ಲಿಸಿ, ಬೆವರು ಒರೆಸಿಕೊಂಡು ಸ್ಟಿಯರಿಂಗ್ ನನಗೇ ಒಪ್ಪಿಸಿದರು.

ಪಕ್ಕದ ಸೀಟಿಗೆ ಬಂದವರು ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಇನ್ನೊಂದರಲ್ಲಿ ಮೊಬೈಲು ತೆಗೆದರು. ಕಣ್ಣು ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಿಸಕ್ ನಗು ಕೇಳಿಸಿತು.

“ಬಿದ್ನಾ ಅಕ್ಕ?”

“ಬಿದ್ದ. ಅವ್ನಿಗೇನು, ಮತ್ತೆ ಮೇಲಿಂದ ಬರ್ತಾನೆ. ನೀನು ರಸ್ತೆ ನೋಡು ಮಾರಾಯ.”

ನನಗೆ ಅರ್ಥವಾಯಿತೋ ಇಲ್ಲವೋ, ಇಂದಿಗೂ ಹೇಳಲಾರೆ. ಮುಂದಿನ ತಿರುವಿನಲ್ಲಿ ಮಾತ್ರ, ಅಕ್ಕ ಏನೂ ಹೇಳದಿದ್ದರೂ, ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.